ಹೊಸನಗರದಲ್ಲಿ ನಿಂತ ಪತ್ರ

ನಮ್ಮ ಜೇನು ಸಾಕುವವರ ಸಂಘದ ಮುಖ್ಯ ಕಚೇರಿ ಸಾಗರದಲ್ಲಿ. ಶಾಖೆಗಳು ಹೊಸನಗರ, ತೀರ್ಥಹಳ್ಳಿಯಲ್ಲಿ. ಮೂರೂ ಕಡೆಯ ಕಂಪ್ಯೂಟರಿಗೆ ನಾನೇ ವೈದ್ಯ. ಹೆಸರು ಬಂದದ್ದು ಮಾತ್ರ ಮಿಮಿಕ್ರಿಯಿಂದ. ನಮ್ಮ ಮ್ಯಾನೇಜರು ಮಾತಿಗೆ ಮೊದಲು ಎರಡು ಸಲ ಕೆಮ್ಮಿ, "ಅದೇನಂದ್ರೆ" ಎನ್ನುತ್ತಿದ್ದರು. ಆ ಕೆಮ್ಮನ್ನು ನಾನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ.

ತೀರ್ಥಹಳ್ಳಿಯಲ್ಲಿ ಒಬ್ಬರು ಅಕ್ಕ ಇದ್ದರು, ಎಂಟು ವರ್ಷದಿಂದ ಹಂಗಾಮಿ ಗುಮಾಸ್ತರು. ಅವರ ಲ್ಯಾಂಡ್‌ಲೈನಿಗೆ ಮ್ಯಾನೇಜರ ದನಿಯಲ್ಲಿ ಫೋನ್ ಮಾಡಿ, "ಅದೇನಂದ್ರೆ, ನಿಮ್ಮನ್ನ ಖಾಯಂ ಮಾಡಿದೀವಿ, ಹೊರಟು ಬನ್ನಿ" ಎನ್ನುವುದು ನನ್ನ ವಾರದ ಆಟ. ಮೊದಲ ಸಲ ಪಾಪ ನಂಬಿಬಿಟ್ಟಿದ್ದರು. ಆಮೇಲೆ ಕೆಮ್ಮು ಕೇಳಿದೊಡನೆ, "ಫೋನ್ ಇಡು ಮಾರಾಯ, ಜೇನುತುಪ್ಪ ನೆಕ್ಕಿ ಮಲ್ಕ" ಎಂದು ಕಟ್ ಮಾಡುತ್ತಿದ್ದರು.

ತೀರ್ಥಹಳ್ಳಿಗೆ ಹೋಗುವ ಮೇಲ್‌ಗೆ ನಾನು ಎರಡು ದಾರಿ ಮಾಡಿಟ್ಟಿದ್ದೆ. ಹತ್ತನೇ ನಂಬರಿನದು ನೇರ ಅಲ್ಲಿಯ ಸರ್ವರಿಗೆ. ಇಪ್ಪತ್ತನೆಯದು ಹೊಸನಗರದ ಹಳೇ ಕಂಪ್ಯೂಟರಿಗೆ. ಕಳಿಸುವ ಸರ್ವರು ಸಣ್ಣ ನಂಬರಿನ ಬಾಗಿಲನ್ನು ಮೊದಲು ತಟ್ಟುತ್ತದೆ; ಯಾರೂ ಓಗೊಡದಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಹೊಸನಗರ ಪತ್ರವನ್ನು ಇಟ್ಟುಕೊಂಡಿದ್ದು, ತೀರ್ಥಹಳ್ಳಿ ಎದ್ದ ಮೇಲೆ ದಾಟಿಸಬೇಕು. ಗುಡುಗು ಕೇಳಿದರೆ ಎಲ್ಲ ವೈರನ್ನೂ ಕಿತ್ತಿಡುವ ನಮ್ಮ ಕಡೆಯವರಿಗೆ ಈ ಏರ್ಪಾಡು ಬೇಕೇ ಬೇಕು. ಏನೋ ಪರೀಕ್ಷೆಗೆಂದು ಹೊಸನಗರದಲ್ಲಿ ಆ ದಾಟಿಸುವ ಕೆಲಸವನ್ನು ತಡೆದಿಟ್ಟಿದ್ದೆ. ತಡೆ ತೆಗೆಯಲು ಮರೆತೆ.

ಒಂದು ಮಧ್ಯಾಹ್ನ ತೀರ್ಥಹಳ್ಳಿಯಲ್ಲಿ ಗುಡುಗಿತು. ಅಕ್ಕ ವೈರು ಕಿತ್ತರು. ಅದೇ ಹೊತ್ತಿಗೆ ಮ್ಯಾನೇಜರು ಅವರಿಗೆ ಮೇಲ್ ಕಳಿಸಿದರು: ಖಾಯಂ ಹುದ್ದೆಗೆ ನಾಳೆ ಸಂದರ್ಶನ, ಮೂಲ ದಾಖಲೆಗಳೊಂದಿಗೆ ಸಾಗರಕ್ಕೆ ಬರುವುದು. ಉತ್ತರ ಬಾರದ್ದರಿಂದ ಸಂಜೆ, ಮಳೆ ನಿಂತ ಮೇಲೆ, ಫೋನನ್ನೂ ಮಾಡಿದರು. ಎರಡು ಸಲ ಕೆಮ್ಮಿ "ಅದೇನಂದ್ರೆ" ಎಂದರು. ಅಷ್ಟೇ. ರಿಸೀವರ್ ಇಟ್ಟು ನನ್ನ ಕಡೆ ತಿರುಗಿದಾಗ ಮುಖ ಕೆಂಪಾಗಿತ್ತು.

"ಜೇನುತುಪ್ಪ ನೆಕ್ಕಿ ಮಲ್ಕ ಅಂತಾಳಲ್ಲೋ ಆಕೆ! ಮೇಲ್ ಹೋಗಿದ್ಯಾ ನೋಡು."

ನಗು ತಡೆಯಲು ಕೆನ್ನೆ ಕಚ್ಚಿಕೊಂಡು ಪರದೆ ನೋಡಿದೆ. ಸ್ವೀಕೃತವಾಗಿದೆ ಎಂದಿತ್ತು. ಸ್ವೀಕರಿಸಿದ್ದು ಯಾವ ಊರು ಎನ್ನುವುದು ಅದೇ ಸಾಲಿನ ಕೊನೆಯಲ್ಲಿತ್ತು, ಅಲ್ಲಿವರೆಗೆ ಓದಲಿಲ್ಲ.

"ಹೋಗಿದೆ ಸಾರ್."

"ಹಂಗಾರೆ ಬರ್ತಾಳೆ ಬಿಡು."

ನಾನೇ ಒಂದು ಫೋನ್ ಮಾಡಬಹುದಿತ್ತು. ಮಾಡಿದರೆ ನನ್ನ ಆಟ ಮ್ಯಾನೇಜರಿಗೆ ಗೊತ್ತಾಗುತ್ತದೆಂದು ಹೆದರಿದೆ. ಊರೆಲ್ಲರ ದನಿ ತೆಗೆಯುವ ಧೀರನ ಸ್ವಂತ ದನಿ ಅವತ್ತು ಹೊರಡಲಿಲ್ಲ.

ಅಕ್ಕ ಬರಲಿಲ್ಲ. ಹುದ್ದೆ ಸಂದರ್ಶನಕ್ಕೆ ಬಂದ ಬೇರೊಬ್ಬರಿಗೆ ಹೋಯಿತು. ಮೂರನೇ ದಿನ ಹೊಸನಗರಕ್ಕೆ ಹೋದಾಗ ಪತ್ರ ಅಲ್ಲೇ ಕೂತಿತ್ತು. ತಡೆ ತೆಗೆದು, ಬಸ್ ಹತ್ತಿ ತೀರ್ಥಹಳ್ಳಿಗೆ ಹೋದೆ. ನಾನು ಮುಟ್ಟುವಷ್ಟರಲ್ಲಿ ಅವರು ಅದನ್ನು ಓದಿಯಾಗಿತ್ತು.

"ಅವತ್ತು ಕೆಮ್ಮಿದ್ದು ನೀನಲ್ವಾ?"

"ಅಲ್ಲಕ್ಕ."

ಅವರು ಬೈಯಲಿಲ್ಲ. ಡ್ರಾಯರ್ ಎಳೆದು ಒಂದು ಫೈಲು ತೋರಿಸಿದರು. "ಮಾರ್ಕ್ಸ್ ಕಾರ್ಡೆಲ್ಲ ಜೋಡಿಸಿಟ್ಕಂಡು ಒಂದ್ ವರ್ಷ ಆಗಿತ್ತು ಮಾರಾಯ."

ಸಾಗರಕ್ಕೆ ಬಂದು ಎಲ್ಲ ಒಪ್ಪಿಕೊಂಡೆ. ಮ್ಯಾನೇಜರು ಕೆಮ್ಮಲೂ ಇಲ್ಲ. "ಆರ್ಡರ್ ಆಗಿಹೋಯ್ತಲ್ಲೋ" ಎಂದರು.

ಅಕ್ಕ ಇನ್ನೂ ಹಂಗಾಮಿ. ಈಗ ಯಾರೇ ಫೋನ್ ಮಾಡಿದರೂ, "ಇಡಿ, ನಾನೇ ವಾಪಸ್ ಮಾಡ್ತೀನಿ" ಎನ್ನುತ್ತಾರೆ. ನಾನು ಮಾಡಿದಾಗಲೂ ಅಷ್ಟೇ. ಇಟ್ಟು, ಪಕ್ಕದಲ್ಲೇ ಕಾಯುತ್ತೇನೆ. ಗಂಟೆ ಹೊಡೆಯುತ್ತದೆ.

"ನಾನೇ ಅಕ್ಕ."

"ಹೂಂ, ಕೆಲಸ ಏನು ಹೇಳು."