ಯಾವ ಬೇಸಿಗೆಯಿಂದ ಎಣಿಸೋದು

ಬಿಸಿಲಿಗೆ ಕಾದ ಕಾಂಕ್ರೀಟು ಮೋಲ್ಡಿನ ಮೇಲೆ ಒದ್ದೆ ಗೋಣಿಚೀಲ ಹಾಸಿದಾಗ ಒಂದು ವಾಸನೆ ಏಳುತ್ತದೆ. ಸಿಮೆಂಟು, ಸೆಣಬು, ಆವಿ ಎಲ್ಲ ಬೆರೆತದ್ದು. ಕಳೆದ ವಾರ ತುಮಕೂರು ಪಕ್ಕದ ಕೋರದ ಹತ್ತಿರ ಒಂದು ಮನೆಯ ತಾರಸಿಯಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಸ್ತ್ರಿ ನೆನಪಾದರು...

ಕುಣಿಗಲ್ ಸೀಮೆಯ ಹುತ್ರಿದುರ್ಗ ಬೆಟ್ಟದ ಕಡೆಯವರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಗಾರೆ ಕೆಲಸ ಕಲಿತದ್ದು ಅವರ ಕೈಕೆಳಗೆ. ತುಮಕೂರಿನಲ್ಲಿ ನಾನು ಕಟ್ಟಿದ ಯಾವ ಗೋಡೆಗಾದರೂ ತೂಗುಗುಂಡು ಬಿಟ್ಟು ನೋಡಿ, ಕೂದಲೆಳೆ ಆಚೀಚೆ ಇರುವುದಿಲ್ಲ. ಇದು ಜಂಬವಾದರೆ ಜಂಬವೇ ಇರಲಿ.

ಮೇಸ್ತ್ರಿಯದೊಂದು ಕಟ್ಟಳೆ ಇತ್ತು. ಶಿವರಾತ್ರಿ ಕಳೆದ ಮೇಲೆ ಮಳೆಗಾಲ ಹಿಡಿಯುವ ತನಕ, ಸೂರ್ಯ ನೆತ್ತಿಗೆ ಬಂದರೆ ಕರಣೆ ಕೆಳಗಿಡಬೇಕು. ಮೂರು ಗಂಟೆಯ ಮೇಲೇ ಮತ್ತೆ ಕೆಲಸ. ಅದಕ್ಕೆ ಬದಲಾಗಿ ಬೆಳಕು ಹರಿಯುವ ಮೊದಲೇ ಶುರು ಮಾಡುತ್ತಿದ್ದೆವು.

ಉಪ್ಪಾರಹಳ್ಳಿಯ ಒಂದು ಕಟ್ಟಡದಲ್ಲಿ ಈ ಬಿಡುವಿಗೇ ಜಗಳ ಬಂತು. ಕಂಟ್ರಾಕ್ಟರು ಗುಬ್ಬಿಯವರು, ತಾವೂ ಒಂದು ಕಾಲಕ್ಕೆ ಗಾರೆ ಹೊತ್ತವರೇ. ಕೆಲಸ ತಡವಾಗುತ್ತಿದೆ, ಮಧ್ಯಾಹ್ನದ ಬಿಡುವು ಇನ್ನಿಲ್ಲ ಎಂದರು. ಬಿಸಿಲು ಜಾಸ್ತಿ ಅನ್ನೋದೆಲ್ಲ ನೆಪ, ಸೆಕೆ ತಾಳದೆ ಕಾಗೆಗಳು ಸತ್ತು ಬಿದ್ದ ಆ ಬೇಸಿಗೆ ನೆನಪಿಲ್ಲವಾ, ಅಲ್ಲಿಂದೀಚೆಗೆ ಸೆಕೆ ಇಳಿಯುತ್ತಲೇ ಬಂದಿದೆ ಎಂಬುದು ಅವರ ವಾದ.

ಮೇಸ್ತ್ರಿ ಎಲೆ ಅಡಿಕೆ ಉಗಿದು ಬಂದರು. “ನಮ್ಮ ದುರ್ಗದ ತುದೀಲಿ ನಿಂತ್ಕಂಡ್ರೆ ಎತ್ಲಾಗ್ ಹೋದ್ರೂ ಇಳಿಜಾರೇ ಅಣ್ಣ. ಹಂಗಂತ ಕುಣಿಗ್ಲು ಸೀಮೆಯೆಲ್ಲಾ ಇಳಿಜಾರಾ?”

ಆಳುಗಳೆಲ್ಲ ನಕ್ಕರು. ಆ ಹುರುಪಿನಲ್ಲಿ ನಾನೂ ಬಾಯಿ ಹಾಕಿದೆ. ಯುಗಾದಿಯಿಂದಲೇ ಮಳೆ ಹಿಡಿದು ಬೇಸಿಗೆಯೇ ಬಾರದೆ ಹೋದ ವರ್ಷ ಒಂದಿತ್ತು. ಅಲ್ಲಿಂದ ಎಣಿಸಿ ನೋಡಿ, ವರ್ಷ ವರ್ಷವೂ ಬೆಂಕಿಯೇ ಎಂದೆ. ಮೇಸ್ತ್ರಿ ನನ್ನ ಕಡೆ ತಿರುಗಿದರು.

“ನೀನೂ ಅದೇ ಕಳ್ಳ ಲೆಕ್ಕ ಮಾಡ್ಬ್ಯಾಡ ಕಣ್ಲಾ. ಅವ್ರು ತುದಿ ಹಿಡ್ದವ್ರೆ, ನೀನು ಗುಂಡಿ ಹಿಡ್ದಿದೀಯ.”

ನಾವು ಕಂಡ ಬೇಸಿಗೆಗಳನ್ನೆಲ್ಲ ಸಾಲಾಗಿ ಇಟ್ಟರೂ ಸೆಕೆ ಏರಿದ್ದು ಕಾಣುತ್ತದೆ, ಬೇಕಾದ ವರ್ಷ ಆರಿಸಿಕೊಳ್ಳುವ ದರ್ದು ನಮಗೇನಿದೆ ಎಂದು ಕೇಳಿದರು. ಕಂಟ್ರಾಕ್ಟರು ಜಗ್ಗಲಿಲ್ಲ, ಬಿಡುವು ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ ಎಂದರು. ಮೇಸ್ತ್ರಿ ಕರಣೆ ತೊಳೆದು ಹೊರಟರು. ನಾವೂ ಹಿಂದೆಯೇ ಹೊರಟೆವು. ಆ ಬೇಸಿಗೆಯೆಲ್ಲ ಕೆಲಸಕ್ಕೆ ಪರದಾಡಿದೆವು. ತಲೆ ಮಾತ್ರ ಬಗ್ಗಿಸಲಿಲ್ಲ.

ಅವರು ಗದರಿದ ಮಾತು ಇವತ್ತಿಗೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆಳಿನ ಜೀವ ಉಳಿಸುವ ಸುಳ್ಳೂ ತೆಗೆಯುವ ಸುಳ್ಳೂ ಒಂದೇನಾ? ಕೂರಿಸಿಕೊಂಡು ಕೇಳಬೇಕೆಂದಿದ್ದೆ... ಅಷ್ಟರಲ್ಲಿ ಹೋಗಿಬಿಟ್ಟರು.

ಕೋರದ ಮನೆಯ ಯಜಮಾನರೂ ಅವತ್ತು ಮೊಬೈಲು ಹಿಡಿದು ಅದೇ ರಾಗ ತೆಗೆದರು. ಈ ಸಲ ಸೆಕೆ ಕಡಿಮೆಯಂತೆ, ಮಧ್ಯಾಹ್ನವೂ ಕೆಲಸ ನಡೆಯಬೇಕಂತೆ. ಯಾವ ವರ್ಷಕ್ಕಿಂತ ಕಡಿಮೆ ಎಂದು ಕೇಳಿದೆ. ಎಲ್ಲರನ್ನೂ ಬೇಯಿಸಿದ್ದ ಒಂದು ವರ್ಷವನ್ನೇ ತೋರಿಸಿದರು. ಅವರ ಬಾಯಿ ಮುಚ್ಚಿಸುವಂಥ ತಣ್ಣನೆಯ ವರ್ಷವೊಂದು ನನ್ನ ನಾಲಿಗೆಗೂ ಬಂದಿತ್ತು. ನುಂಗಿಕೊಂಡೆ.

“ಎಲ್ಲಾ ವರ್ಷಾನೂ ತೆಗೀರಿ ಸಾರ್, ನೋಡಾಣ. ಅಲ್ಲೀಗಂಟ ನೆಳ್ಳಲ್ಲಿ ಕೂತಿರ್ತೀವಿ” ಎಂದು ಆಳುಗಳನ್ನು ಕೆಳಗೆ ಕರೆದೆ.

ಆ ತಣ್ಣನೆಯ ವರ್ಷದ ಮಾತೆತ್ತಲಿಲ್ಲ ಎಂದು ಹೋಗಿ ಹೇಳಲು ಮೇಸ್ತ್ರಿ ಇಲ್ಲ. ಇದ್ದಿದ್ದರೂ ಶಹಬ್ಬಾಸ್ ಅನ್ನುತ್ತಿರಲಿಲ್ಲ ಬಿಡಿ. ಯಜಮಾನರು ಫೋನು ತೀಡುತ್ತಾ ಮೇಲೆಯೇ ನಿಂತಿದ್ದರು. ಮೂರು ಗಂಟೆಯ ತನಕ ನಮ್ಮಲ್ಲಿ ಒಬ್ಬರೂ ಏಳಲಿಲ್ಲ.