ಸೆವರಿನ್ ಪೊರ್ಬುಗಳಿಗೆ ಒಂದು ಹಾಸಿಗೆ

ಪಡೀಲಿನಲ್ಲಿ ನಮ್ಮ ಪಕ್ಕದ ಮನೆ ಸೆವರಿನ್ ಪೊರ್ಬುಗಳದ್ದು. ಕೊಂಕಣಿ ಕ್ರಿಸ್ತುವರನ್ನು ನಮ್ಮ ತುಳುವರು ಮರ್ಯಾದೆಗೆ ಪೊರ್ಬುಗಳು ಎಂದು ಕರೆಯುತ್ತಾರೆ. ಈ ಮನುಷ್ಯನಿಗೆ ಜೀವಮಾನದಲ್ಲಿ ಸಿಕ್ಕಿದ ಮರ್ಯಾದೆ ಅದೊಂದೇ ಇರಬೇಕು. ಅದೂ ಗೇಟಿನ ಹೊರಗೆ ಮಾತ್ರ.

ಇಪ್ಪತ್ತೆಂಟು ವರ್ಷ ಅವರು ಗಲ್ಫಿನಲ್ಲಿ ಒಂದೇ ಅರಬಿ ಕುಟುಂಬಕ್ಕೆ ಡ್ರೈವರ್ ಆಗಿದ್ದರು. ಆ ಮನೆಯವರಿಗೆ ಒಂದು ಕಾರವಾನ್ ಇತ್ತು. ಕಾರವಾನ್ ಎಂದರೆ ಚಕ್ರದ ಮೇಲಿನ ಮನೆ. ಹಾಸಿಗೆ, ಅಡುಗೆಕೋಣೆ, ಬಚ್ಚಲು ಎಲ್ಲ ಒಳಗೇ. ಚಳಿಗಾಲ ಬಂತೆಂದರೆ ಅದನ್ನು ಸಮುದ್ರದ ದಡಕ್ಕೆ ಒಯ್ದು ವಾರಗಟ್ಟಲೆ ಬಿಡಾರ ಹೂಡುತ್ತಿದ್ದರು. ಒಯ್ಯುವವರು ಇವರು. ಚಕ್ರದಡಿಗೆ ಹಲಗೆ ಕೊಟ್ಟು ಗಾಡಿಯನ್ನು ಮಟ್ಟಸ ಮಾಡುವುದು, ಟ್ಯಾಂಕಿಗೆ ನೀರು ತುಂಬುವುದು, ಕೊಳಕು ನೀರಿನ ಪೈಪು ಬಿಡುವುದು, ಗಾಳಿಯ ದಿಕ್ಕು ನೋಡಿ ಪರದೆ ಕಟ್ಟುವುದು, ಮಾಂಸ ಸುಡುವುದು, ಬೆಳಿಗ್ಗೆ ಹಾಸಿಗೆಯ ಬಟ್ಟೆ ಬದಲಿಸುವುದು ಎಲ್ಲ ಇವರೇ. ಮಲಗುವುದು ಮಾತ್ರ ಹೊರಗೆ, ಜನರೇಟರಿನ ಪಕ್ಕದ ಒಂದು ಟೆಂಟಿನಲ್ಲಿ. ಇಪ್ಪತ್ತೆಂಟು ಚಳಿಗಾಲ ಕಳೆದರೂ ಆ ಹಾಸಿಗೆಗೆ ಒಮ್ಮೆಯೂ ಬೆನ್ನು ತಾಗಿಸಿದವರಲ್ಲ.

“ಒಳ್ಳೆ ಜನ ಮಾಸ್ಟ್ರೇ, ಒಂದು ದಿನ ಬೈದದ್ದಿಲ್ಲ” ಎನ್ನುತ್ತಿದ್ದರು. ನಾನು ಕನ್ನಡ ಮಾಸ್ಟರಾಗಿ ನಿವೃತ್ತನಾದವನು. ಬೈಯದೆ ಇರುವುದನ್ನೇ ಒಳ್ಳೆಯತನ ಎಂದುಕೊಂಡ ಮನುಷ್ಯನಿಗೆ ಯಾವ ವ್ಯಾಕರಣ ಕಲಿಸಲಿ?

ಊರಿಗೆ ಬಂದು ಎರಡು ವರ್ಷವಾದ ಮೇಲೆ ಅವರು ತಮ್ಮ ಆಸೆಯನ್ನು ನನ್ನ ಜಗಲಿಯಲ್ಲಿ ಕೂತು ಹೇಳಿದರು. ಕಾರವಾನ್ ಈಗ ನಮ್ಮ ಊರಿನಲ್ಲೂ ಬಾಡಿಗೆಗೆ ಸಿಗುತ್ತದೆ. ಬೈಂದೂರಿನ ಆಚೆ ಒಂದು ಬೀಚ್ ಪಾರ್ಕ್ ಇದೆ, ತೆಂಗಿನ ಮರಗಳ ನಡುವೆ ಕಾರವಾನ್ ನಿಲ್ಲಿಸಲು ಕಟ್ಟೆ, ಕರೆಂಟು, ನೀರು ಎಲ್ಲ ಮಾಡಿದ್ದಾರೆ. ಜನವರಿಯಲ್ಲಿ ಮನೆಯವರನ್ನೆಲ್ಲ ಕರೆದುಕೊಂಡು ಎರಡು ರಾತ್ರಿ ಅಲ್ಲಿ ಇರಬೇಕು.

“ಎರಡು ಬೇಡ, ಒಂದೇ ರಾತ್ರಿ ಸಾಕು ಮಾಸ್ಟ್ರೇ ನನಗೆ. ಒಳಗೆ. ಬಾಗಿಲು ಹಾಕಿಕೊಂಡು, ಕಾರ್ಮಿನ್ ಪಕ್ಕದಲ್ಲಿ. ಹೊರಗೆ ಸಮುದ್ರ ಎಂತ ಬೇಕಾದ್ರೂ ಮಾಡ್ಲಿ.”

ಅರವತ್ತೊಂದು ವರ್ಷದ ಮನುಷ್ಯ ಹೆಂಡತಿಯ ಪಕ್ಕ ಮಲಗುವ ಆಸೆಯನ್ನು ಪಕ್ಕದ ಮನೆಯವನಿಗೆ ಹೇಳಿ ನಾಚಿದ್ದನ್ನು ನೋಡಿ ನನಗೆ ನಗು ಬಂತು. ಅವರ ಹೆಂಡತಿ ಕಾರ್ಮಿನ್ ಬಾಯಿಯ ವಿಷಯ ನನಗೆ ಗೊತ್ತಿತ್ತಲ್ಲ. ಎರಡು ವರ್ಷಕ್ಕೊಮ್ಮೆ ರಜೆಗೆ ಬರುವ ಗಂಡನನ್ನು ಆಕೆ ನೆಂಟನ ಹಾಗೆ ನೋಡಿಕೊಂಡವಳು. ನೆಂಟ ಈಗ ಹೋಗುವುದೇ ಇಲ್ಲ ಎಂದಾಗ ಮಲಗಲು ಹೊರಕೋಣೆಯ ದಿವಾನ್ ಮಂಚ ತೋರಿಸಿದ್ದಳು. “ಇಪ್ಪತ್ತೆಂಟು ವರ್ಷ ಒಬ್ಬಳೇ ಮಲಗಿದ್ದೇನೆ ಅಕ್ಕ, ಈಗ ಇವರ ಗೊರಕೆ ಯಾಕೆ ನನಗೆ?” ಎಂದು ನನ್ನ ಹೆಂಡತಿ ಹೇಮಾಕ್ಷಿಯ ಹತ್ತಿರ ಹೇಳಿದ್ದಳು. ಅವಳನ್ನು ದೂರುವುದೂ ಕಷ್ಟ.

ಮಗ ಶೆರ್ವಿನ್ ಸುರತ್ಕಲ್ ಕಡೆಯ ಒಂದು ಕಂಪೆನಿಯಲ್ಲಿ ಆಫೀಸರು. ಸೊಸೆ ರೇಚಲ್ ಬಲ್ಮಠದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಏಳು ವರ್ಷದ ಮೊಮ್ಮಗಳು ಏವ್ರಿಲ್. ಮಗ ಒಪ್ಪಿದ. ಅಪ್ಪ ತನ್ನ ಗಲ್ಫಿನ ದುಡ್ಡಿನಲ್ಲಿ ಬಾಡಿಗೆ ಕಟ್ಟುತ್ತೇನೆ ಎಂದರೆ ಯಾವ ಮಗ ಒಪ್ಪುವುದಿಲ್ಲ?

ಆಮೇಲೆ ಶುರುವಾಯಿತು ನೋಡಿ ತಯಾರಿ. ಅಕ್ಟೋಬರಿನಿಂದ ಜನವರಿಯವರೆಗೆ ದಿನಾ ಸಂಜೆ ನನ್ನ ಜಗಲಿಯಲ್ಲಿ ಕಾರವಾನ್ ಪುರಾಣ. ಯಾವ ಮೀನು ಮಂಜುಗಡ್ಡೆಯಲ್ಲಿ ಎಷ್ಟು ಹೊತ್ತು ಇರುತ್ತದೆ, ಸಣ್ಣ ಸಿಲಿಂಡರ್ ಎಲ್ಲಿ ಕಟ್ಟಬೇಕು, ಬೈಂದೂರಿನ ಗಾಳಿ ಮಧ್ಯಾಹ್ನ ಯಾವ ಕಡೆ ತಿರುಗುತ್ತದೆ. ಗಾಳಿ ವಿಚಾರಿಸಲು ಬಸ್ಸು ಹತ್ತಿ ಬೈಂದೂರಿಗೇ ಹೋಗಿ ಬಂದರು ಮಾರಾಯ್ರೆ! ಹಲಸಿನ ಹಲಗೆ ತಂದು, ಚಕ್ರ ಹತ್ತಲು ಬೇಕಾದ ಓರೆಗೆ ತಾವೇ ಕೀಸಿದರು. ನನ್ನ ಮನೆಯ ಚಹಾ ಕುಡಿದದ್ದಕ್ಕೆ ಲೆಕ್ಕವಿಲ್ಲ.

ಒಂದು ಭಾನುವಾರ ಇಗರ್ಜಿಯಿಂದ ಬಂದವರೇ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯಲು ತೊಡಗಿದರು. ಕಾರವಾನ್ ಬಾಡಿಗೆಗೆ ಕೊಡುವ ಕಂಪೆನಿಯವರು ಕಳಿಸಿದ ಚಿತ್ರ ನೋಡಿ, ಅಳತೆ ಹಿಡಿದು, ಕಾರವಾನಿನ ಇಡೀ ನಕ್ಷೆ. ಹಿಂದೆ ದೊಡ್ಡ ಹಾಸಿಗೆ, ಅದು ಮಗ ಸೊಸೆಗೆ. ನಡುವೆ ಆಚೀಚೆ ಎರಡು ಹಾಸಿಗೆ, ಅದು ಇವರಿಗೂ ಕಾರ್ಮಿನ್ ಬಾಯಿಗೂ. ಮುಂದಿನ ಸೋಫಾ ಬಿಡಿಸಿದರೆ ಏವ್ರಿಲ್‌ಗೆ. ಒಟ್ಟು ಐದು ಜನ. ಗೆರೆ ಎಳೆದು ಮುಗಿಸಿ, ಇಗರ್ಜಿಯ ಬಿಳಿ ಅಂಗಿಯಲ್ಲೇ ತಮ್ಮ ಹಾಸಿಗೆಯ ಚೌಕದೊಳಗೆ ಮಲಗಿ ಕಾಲು ನೀಡಿ ನೋಡಿದರು.

“ಕಾಲು ಹಿಡಿಸ್ತದೆ ಮಾಸ್ಟ್ರೇ!” ಎಂದು ನೆಲದಿಂದಲೇ ಕೂಗಿದರು.

ಕಾರ್ಮಿನ್ ಬಾಯಿ ಕಿಟಕಿಯಿಂದ ನೋಡಿ ಹಣೆ ಚಚ್ಚಿಕೊಂಡಳು. ದಾರಿಯಲ್ಲಿ ಹೋಗುವವರು ನಿಂತು ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಒಂದು ಕಾರು ಗೇಟಿನೊಳಗೆ ಬಂತು. ಪೊರ್ಬುಗಳು ಗಡಬಡಿಸಿ ಎದ್ದು ಪಕ್ಕಕ್ಕೆ ಸರಿದರು. ಕಾರು ಬಂದು ಅವರ ಹಾಸಿಗೆಯ ಮೇಲೆಯೇ ನಿಂತಿತು. ಇಳಿದವರು ರೇಚಲಳ ತಂದೆ ನೊರ್ಬರ್ಟ್, ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದ ವಿಧುರರು. ಮಗನ ಮಾವನನ್ನು ಪೊರ್ಬುಗಳು ಸರ್ ಎಂದೇ ಕರೆಯುತ್ತಿದ್ದರು. ಆತ ಇವರನ್ನು ಬರೇ ಸೆವರಿನ್ ಎನ್ನುತ್ತಿದ್ದರು.

“ಎಂತ ಸೆವರಿನ್ ಇದು, ಅಂಗಳದಲ್ಲಿ ಪೌಡರ್?”

“ನಮ್ಮ ಕಾರವಾನ್ ಸರ್” ಎಂದು ಇವರು ವಿವರಿಸಿದರು. ಗಾಡಿಯ ಸೌಕರ್ಯ, ಪಾರ್ಕಿನ ನೆರಳು, ದಡದ ಬಿಳಿ ಮರಳು ಎಲ್ಲವನ್ನೂ ಹೊಗಳಿದರು. ಮಾರುವವನು ಹೊಗಳುವುದಕ್ಕಿಂತ ಚೆನ್ನಾಗಿ ಹೊಗಳಿದರು. ತಮ್ಮ ಹಾಸಿಗೆಯನ್ನು ತಾವೇ ಬಿಕರಿಗಿಟ್ಟದ್ದು ಆ ಬಡಪಾಯಿಗೆ ತಿಳಿಯಲಿಲ್ಲ. ನೊರ್ಬರ್ಟ್ ತಲೆಯಾಡಿಸುತ್ತಾ ಒಳಗೆ ಹೋದರು.

ಡಿಸೆಂಬರ್ ಕೊನೆಗೆ ಕಂಪೆನಿಯ ಫಾರ್ಮು ಬಂತು. ಇಂಗ್ಲಿಷಿನಲ್ಲಿತ್ತು. ಮಗ, “ಡ್ಯಾಡಿ, ಮಾಸ್ಟ್ರ ಹತ್ತಿರ ತುಂಬಿಸಿ ಕೊಡಿ, ನನಗೆ ಪುರ್ಸೊತ್ತಿಲ್ಲ” ಎಂದು ಪ್ರಿಂಟ್ ತೆಗೆದು ಕೊಟ್ಟಿದ್ದ. ಪೊರ್ಬುಗಳು ಓದಿದ್ದು ಐದನೇ ಕ್ಲಾಸು. ನಾನು ಕನ್ನಡಕ ಹಾಕಿ ಕೂತೆ.

ಮೊದಲು ಡ್ರೈವರನ ಜಾಗ. ಕಂಪೆನಿಯ ಡ್ರೈವರ್ ಬೇಕಿದ್ದರೆ ಅವರು ಕಳಿಸುತ್ತಾರೆ, ಬೇಡದಿದ್ದರೆ ನಮ್ಮವನ ಹೆಸರು, ಲೈಸೆನ್ಸ್ ನಂಬರು.

“ನನ್ನ ಹೆಸರು ಹಾಕಿ ಮಾಸ್ಟ್ರೇ. ನಾನು ಇರುವಾಗ ನನ್ನ ಮಕ್ಕಳನ್ನು ಬೇರೆಯವ ಕರ್ಕೊಂಡು ಹೋಗುದಾ? ಇಷ್ಟು ವರ್ಷ ಎಲ್ಲಾ ಕಾಗದದಲ್ಲಿ ನನ್ನ ಹೆಸರು ಅಲ್ಲಿಯೇ ಇದ್ದದ್ದು.”

ಎದೆ ಉಬ್ಬಿಸಿ ಹೇಳಿದರು. ಬರೆದೆ. ಅದರ ಕೆಳಗೆ ಅತಿಥಿಗಳ ಹೆಸರು, ಐದು ಸಾಲು. ಕಾರ್ಮಿನ್, ಶೆರ್ವಿನ್, ರೇಚಲ್, ಏವ್ರಿಲ್. ಐದನೆಯದು ತಮ್ಮದು ಎಂದು ಅವರು ಬಾಯಿ ತೆರೆಯುವಾಗ ರೇಚಲ್ ಬೇಲಿಯ ಆಚೆಯಿಂದ ಕರೆದಳು.

“ಫಾರ್ಮ್ ಆಯ್ತಾ ಮಾಸ್ಟ್ರೇ? ನನ್ನ ಪಪ್ಪ ಕೂಡ ಬರ್ತಾರೆ. ಅವರ ಹೆಸರು ಹಾಕಿ ಆಯ್ತಾ? ನೊರ್ಬರ್ಟ್.”

ಪೊರ್ಬುಗಳು ಬೆರಳು ಮಡಚಿ ಎಣಿಸಿದರು. “ಆಗ ನನ್ನದು?”

“ಮೇಲೆ ಉಂಟಲ್ಲ, ಡ್ರೈವರ್ ಅಂತ” ಎಂದೆ ನಾನು.

“ಹೌದಲ್ವಾ! ನಾನು ಮೇಲೆಯೇ ಇದ್ದೇನೆ” ಎಂದು ನಕ್ಕರು. ಗಾಡಿ ಓಡಿಸುವವನು ಗಾಡಿಯಲ್ಲಿ ಇದ್ದೇ ಇರುತ್ತಾನೆ, ಅವನನ್ನು ಬೇರೆ ಎಣಿಸುವುದು ಯಾಕೆ ಎಂಬುದು ಅವರ ಲೆಕ್ಕ. ಸೋಫಾ ದೊಡ್ಡದುಂಟು, ಏವ್ರಿಲ್ ಅಜ್ಜಿಯ ಜೊತೆ ಮಲಗಬಹುದು, ಹೇಗಾದರೂ ಹಿಡಿಸುತ್ತದೆ ಎಂದು ತಾವೇ ಸಮಾಧಾನ ಮಾಡಿಕೊಂಡರು.

ಈಗ ನಾನು ನನ್ನ ಮಾತು ಹೇಳಬೇಕು. ಫಾರ್ಮಿನ ಹಿಂಬದಿಯಲ್ಲಿ ನಿಯಮಗಳಿದ್ದವು. ಹನ್ನೊಂದನೆಯದು: ಹೆಸರು ಕೊಟ್ಟ ಐದು ಅತಿಥಿಗಳ ಹೊರತು ಯಾರೂ ವಾಹನದೊಳಗೆ ಮಲಗುವಂತಿಲ್ಲ, ಡ್ರೈವರ್ ಪಾರ್ಕಿನ ಡ್ರೈವರುಗಳ ಕೋಣೆಯಲ್ಲಿ ಉಳಿಯಬೇಕು. ನಾನು ಅದನ್ನು ಓದಿದೆ. ಸ್ಪಷ್ಟವಾಗಿ ಓದಿದೆ. ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಹೊಟ್ಟೆಕಿಚ್ಚು. ಮೂರು ತಿಂಗಳು ನನ್ನ ಜಗಲಿಯಲ್ಲಿ ಕೂತು, ನನ್ನ ಚಹಾ ಕುಡಿದು, ಸಮುದ್ರ ಸಮುದ್ರ ಎಂದ ಈ ಮನುಷ್ಯ ಒಂದು ಸಲವಾದರೂ “ನೀವೂ ಬನ್ನಿ ಮಾಸ್ಟ್ರೇ” ಎನ್ನಲಿಲ್ಲ. ಜಾಗ ಇಲ್ಲವೆಂದು ನನಗೂ ಗೊತ್ತು. ಬಾಯಿ ಮಾತಿಗೆ ಕರೆಯಲು ಜಾಗ ಬೇಕೇ? ಮೂವತ್ತಮೂರು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದ ನಾನು ಕಾಗದ ಮಡಚಿ ಅವರ ಕೈಗೆ ಕೊಟ್ಟೆ.

ಹೊರಡುವ ದಿನ ಬೆಳಿಗ್ಗೆ ಎಂಟು ಗಂಟೆಗೆ ಕಾರವಾನ್ ಬಂತು. ತಂದವನು ಕಂಪೆನಿಯ ನಿಝಾರ್ ಎಂಬ ಯುವಕ. ಪೊರ್ಬುಗಳು ಹೊಸ ಚೌಕುಳಿ ಅಂಗಿ ಹಾಕಿದ್ದರು. ರಾತ್ರಿಗೆಂದು ಒಂದು ಪೈಜಾಮ ಇಸ್ತ್ರಿ ಮಾಡಿಸಿ ಬೇರೆ ಚೀಲದಲ್ಲಿ ಇಟ್ಟುಕೊಂಡಿದ್ದರು. ಗಾಡಿಯ ಸುತ್ತ ಎರಡು ಸುತ್ತು ಬಂದು, ಟಯರ್ ತಟ್ಟಿ, ಚೀಲ ಹಿಡಿದು ಒಳಗೆ ಹತ್ತಿದರು.

ನಿಝಾರ್ ಪಟ್ಟಿ ಓದಿ ಐದು ಜನರನ್ನು ಎಣಿಸಿದ. ಆಮೇಲೆ ಕೊರಳಿಗೆ ಹಾಕುವ ಒಂದು ಕಾರ್ಡು ತೆಗೆದ.

“ಡ್ರೈವರ್ ಯಾರು?”

“ನಾನು.”

“ಇದು ಹಾಕಿಕೊಳ್ಳಿ ಸರ್. ಚೀಲ ಒಳಗೆ ಬೇಡ, ಮುಂದಿನ ಸೀಟಿನಲ್ಲಿ ಇಡಿ. ಡ್ರೈವರ್‌ಗೆ ಪಾರ್ಕಿನ ಹಿಂದೆ ಬೇರೆ ರೂಮ್ ಉಂಟು, ನಾಲ್ಕೈದು ಜನ ಇರ್ತಾರೆ. ಒಳ್ಳೆದುಂಟು, ಫ್ಯಾನ್ ಎಲ್ಲ.”

ಪೊರ್ಬುಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗುತ್ತಲೇ ಹೇಳಿದರು, “ಇಲ್ಲ ಮಾರಾಯ, ನಾನು ಮನೆಯವ. ಇವರೆಲ್ಲ ನನ್ನವರು. ನಾನು ಒಳಗೆ ಮಲಗುದು.”

ನಿಝಾರ್ ತಬ್ಬಿಬ್ಬಾದ. “ನಿಮ್ಮ ಮಗನವರು ಮೊನ್ನೆ ಫೋನ್ ಮಾಡಿ ಕೇಳಿದ್ರಲ್ಲ ಸರ್, ಡ್ರೈವರ್‌ಗೆ ಬೇರೆ ವ್ಯವಸ್ಥೆ ಉಂಟಲ್ವಾ ಅಂತ. ಉಂಟು ಅಂತ ಹೇಳಿದ್ದೆ ನಾನು.”

ಶೆರ್ವಿನ್ ಮೊಬೈಲ್ ನೋಡುತ್ತಿದ್ದ. ಮಾವನನ್ನು ಬೇಡ ಎನ್ನಲಾಗದು, ಅಪ್ಪನಿಗೆ ಬೇಡ ಎಂದು ಬಾಯಿಬಿಟ್ಟು ಹೇಳಲಾಗದು. ಹಾವು ಸಾಯಬೇಕು, ಕೋಲು ಮುರಿಯಬಾರದು. ಅದಕ್ಕೇ ಆ ಫಾರ್ಮನ್ನು ಅಪ್ಪನ ಕೈಗೇ ಕೊಟ್ಟದ್ದು ಎಂದು ನನಗೆ ಆಗ ಹೊಳೆಯಿತು.

ಪೊರ್ಬುಗಳು ಮಗನನ್ನು ಬಿಟ್ಟು ಬೇಲಿಯ ಈಚೆ ನಿಂತ ನನ್ನ ಕಡೆ ತಿರುಗಿದರು. “ಮಾಸ್ಟ್ರೇ, ನೀವು ಪೂರಾ ಓದಿದ್ದಲ್ವಾ? ಹಾಗೆ ಉಂಟಾ ಅದರಲ್ಲಿ?”

“ಸಣ್ಣ ಅಕ್ಷರ ಪೊರ್ಬುಗಳೇ. ನನಗೆ ಕಾಣಲಿಲ್ಲ” ಎಂದೆ.

ಇಷ್ಟು ಚಂದದ ಸುಳ್ಳನ್ನು ನಾನು ಅದಕ್ಕೆ ಮೊದಲು ಹೇಳಿದವನಲ್ಲ.

ನಿಝಾರ್‌ಗೇ ಪಾಪ ಅನ್ನಿಸಿತು. “ಬೇಕಾದ್ರೆ ಒಂದು ಹೆಸರು ಬದಲಿಸಬಹುದು ಸರ್. ಈಗಲೇ ಫೋನ್ ಮಾಡ್ತೇನೆ. ಯಾರಾದ್ರೂ ಒಬ್ಬರು ಡ್ರೈವರ್ ರೂಮಿನಲ್ಲಿ…”

ನೊರ್ಬರ್ಟ್ ಗಂಟಲು ಸರಿಮಾಡಿಕೊಂಡು ತೆಂಗಿನ ಮರದ ತುದಿ ನೋಡಿದರು. ರೇಚಲ್ ಗಂಡನ ಮೊಣಕೈ ತಿವಿದಳು. ಆಗ ಶೆರ್ವಿನ್ ಮೊಬೈಲಿನಿಂದ ತಲೆಯೆತ್ತದೆ ಹೇಳಿದ:

“ಬೇಡ, ಬೇಡ. ಡ್ಯಾಡಿಗೆ ಹೊರಗೆ ಮಲಗಿ ಅಭ್ಯಾಸ ಉಂಟು.”

ನನ್ನ ಕಿವಿಯಲ್ಲಿ ಅದು ಇನ್ನೂ ಇದೆ. ಆ ಹೊರಗಿನ ಮಲಗುವಿಕೆಯಿಂದಲೇ ಈ ಮಗ ಇಂಜಿನಿಯರಿಂಗ್ ಓದಿದ್ದು, ಈ ಮನೆಯ ಮಾಡು ಎದ್ದದ್ದು. ಕೆನ್ನೆಗೆ ಎರಡು ಬಾರಿಸಬೇಕಿತ್ತು. ಆದರೆ ನಾನು ಯಾವ ಮುಖ ಹೊತ್ತು ಬೇಲಿ ದಾಟಲಿ?

ಪೊರ್ಬುಗಳು ಇನ್ನೂ ಕಾರವಾನಿನ ಮೆಟ್ಟಿಲಿನ ಮೇಲೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಿದ್ದರು. ಒಳಗೆ ಕಾರ್ಮಿನ್ ಬಾಯಿ ಆಗಲೇ ತನ್ನ ಹಾಸಿಗೆ ಹಿಡಿದು ಕೂತಿದ್ದಳು. ಅವರು ಅವಳ ಕಡೆ ನೋಡಿದರು. ಅವಳೊಬ್ಬಳು ಬೇಡ ಎಂದಿದ್ದರೆ, ಇಳಿದು ಬಂದಿದ್ದರೆ, ಕಡೆಗೆ ಬೇಜಾರಿನ ಒಂದು ಮುಖ ಮಾಡಿದ್ದರೆ ಸಾಕಿತ್ತು ಅವರಿಗೆ.

“ಎಂತ ನಿಂತದ್ದು? ಬಾಗಿಲು ಹಾಕಿ ಒಮ್ಮೆ, ಎಸಿ ಎಲ್ಲ ಹೊರಗೆ ಹೋಗ್ತದೆ” ಎಂದಳು ಅವಳು.

ಅವರು ಇಳಿದರು. ಉಳಿದವರು ಹತ್ತುವವರೆಗೆ ಬಾಗಿಲು ಹಿಡಿದು ನಿಂತರು. ನೊರ್ಬರ್ಟ್ ಹತ್ತುವಾಗ ಅವರ ತಲೆ ತಾಗದ ಹಾಗೆ ಚೌಕಟ್ಟಿಗೆ ಕೈ ಅಡ್ಡ ಹಿಡಿದರು; ಯಾರೂ ಹೇಳಿದ್ದಲ್ಲ, ಕೈ ತಾನಾಗಿ ಹೋಯಿತು. ಬಾಗಿಲನ್ನು ಶಬ್ದವಾಗದಂತೆ ಹೊರಗಿನಿಂದ ಹಾಕಿ, ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಸ್ಟೇರಿಂಗ್ ಹಿಡಿದರು. ಗಾಡಿ ಗೇಟು ದಾಟಿತು. ಒಳಗೆ ಬಂದ ನಾನು ಹೇಮಾಕ್ಷಿಯ ಮೇಲೆ ಕಾರಣವಿಲ್ಲದೆ ರೇಗಿದೆ.

ಮೂರನೆಯ ದಿನ ಸಂಜೆ ಹಿಂದೆ ಬಂದರು. ಸಾಮಾನು ಇಳಿಸಿದ್ದು, ನೀರಿನ ಟ್ಯಾಂಕು ಖಾಲಿ ಮಾಡಿದ್ದು, ಹಾಸಿಗೆಯ ಬಟ್ಟೆ ಮಡಚಿದ್ದು ಎಲ್ಲ ಪೊರ್ಬುಗಳೇ. ಮುಗಿದ ಮೇಲೆ ನನ್ನ ಜಗಲಿಗೆ ಬಂದರು. ಎಂದಿನಂತೆ ಕುರ್ಚಿಯಲ್ಲಿ ಕೂರಲಿಲ್ಲ, ಮೆಟ್ಟಿಲಿನ ಮೇಲೆ ಕೂತರು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆನೋ ಏನೋ. ಅವರು ಬೈಯಲಿಲ್ಲ.

ಹೇಮಾಕ್ಷಿ ಚಹಾ ಕೊಟ್ಟಳು. “ಹೇಗಾಯ್ತು ಪೊರ್ಬುಗಳೇ, ಟ್ರಿಪ್?” ಎಂದು ಕೇಳಿದಳು ಏನೂ ತಿಳಿಯದ ಅವಳು.

ಬಾಡಿಗೆಗೆ ಗಾಡಿ ಹಿಡಿದ ಗಿರಾಕಿಗಳನ್ನು ನಮ್ಮೂರ ಡ್ರೈವರುಗಳು ಪಾರ್ಟಿ ಎನ್ನುತ್ತಾರೆ. ಸೆವರಿನ್ ಪೊರ್ಬುಗಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಮ್ಮ ಮನೆಯ ಕಡೆ ಗದ್ದ ಎತ್ತಿ ತೋರಿಸಿ ಹೇಳಿದರು:

“ಒಳ್ಳೆದಾಯ್ತು ಅಕ್ಕ. ಪಾರ್ಟಿ ಒಳ್ಳೆ ಜನ. ಒಂದು ಮಾತು ಬೈಲಿಲ್ಲ.”