ರಹಮಾನಸಾಬರ ಆಟದ ಕಂಪ್ಯೂಟರ್

ಅಂಗಡಿ ಮೆಟ್ಟಿಲು ಹತ್ತುವವರ ಮುಖವನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ಚಪ್ಪಲಿ, ಆಮೇಲೆ ಕೈ, ಆಮೇಲೆ ಜೇಬು. ಗದಗಿನಲ್ಲಿ ಇಪ್ಪತ್ತೆರಡು ವರ್ಷ ಕಂಪ್ಯೂಟರ್ ಮಾರಿದವನಿಗೆ ಗಿರಾಕಿ ಬಾಯಿ ತೆರೆಯುವುದರೊಳಗೆ ಅವನ ಬೆಲೆ ಗೊತ್ತಾಗಿರುತ್ತದೆ ಎಂಬ ಜಂಬ ನನ್ನದು. ಡೋಣಿಯ ರಹಮಾನಸಾಬರು ಈ ವರ್ಷ ಬೇಸಿಗೆಯ ಮೊದಲಿಗೆ ಬಂದಾಗಲೂ ಹಾಗೆಯೇ ತೂಗಿದೆ. ರಬ್ಬರಿನ ಚಪ್ಪಲಿ, ಬಲಗಾಲಿನದಕ್ಕೆ ಮಾತ್ರ ಹಿಂದೊಂದು ಪಟ್ಟಿ ಹೊಲಿಸಿದೆ. ಬಲಗೈ ಎಡಗೈಗಿಂತ ಎರಡು ಬಣ್ಣ ಕಪ್ಪು. ಅಂದರೆ ಲಾರಿಯವರು, ಕಿಟಕಿಯ ಮೇಲೆ ಮೊಳಕೈ ಇಟ್ಟು ಆಯುಷ್ಯ ಕಳೆದವರು. ಅಂಗಿಗೆ ಇಸ್ತ್ರಿಯಾಗಿದೆ, ಅದೂ ಗದಗಿಗೆ ಬರುವುದಕ್ಕೆಂದೇ. ಅರವತ್ತರ ಈಚೆಯ ವಯಸ್ಸು. ಜೇಬಿನಲ್ಲಿ ಏಳೆಂಟು ಸಾವಿರ, ಬೇಕಾದದ್ದು ಯಾವುದೋ ಹಳೆಯ ಪ್ರಿಂಟರ್.

ಲಾರಿ ಒಂದು ಬಿಟ್ಟು ಎಲ್ಲ ತಪ್ಪಿತು.

"ಆಟದ ಕಂಪ್ಯೂಟರ್ ಬೇಕ್ರೀ ಸಾವಕಾರ್ರ. ನಲವತ್ತ ಸಾವಿರದಾಗ ಕೂಡಬೇಕು. ಅದರಾಗ ಸ್ಟೇರಿಂಗೂ ಬರಬೇಕು."

"ಸ್ಟೇರಿಂಗ? ಯಾರ ಆಡಾಕ್ರೀ?"

"ಮೊಮ್ಮಗಗ," ಎಂದರು, ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ.

ಮೊಮ್ಮಗನ ಮಾತೆತ್ತುವಾಗ ಅಜ್ಜಂದಿರು ಫ್ಯಾನು ನೋಡುವುದಿಲ್ಲ. ಅದು ಅವತ್ತೇ ಹೊಳೆಯಬೇಕಿತ್ತು. ಹೊಳೆದದ್ದು ನಲವತ್ತು ಸಾವಿರ ಮಾತ್ರ.

ನಲವತ್ತರಲ್ಲಿ ಆಟದ ಕಂಪ್ಯೂಟರ್ ಕೂಡಿಸುವುದೆಂದರೆ ಸಣ್ಣ ಚಾದರ ಹೊದ್ದು ಮಲಗಿದ ಹಾಗೆ. ತಲೆಗೆ ಎಳೆದರೆ ಕಾಲು ಬತ್ತಲೆ. ಬರುವ ಹುಡುಗರೆಲ್ಲ ತಲೆಗೇ ಎಳೆಯುವವರು. ರಹಮಾನಸಾಬರು ಮಾತ್ರ ಕುರ್ಚಿ ಎಳೆದುಕೊಂಡು ಕುಳಿತು ಒಂದೊಂದು ಭಾಗವನ್ನೂ ಲಾರಿಯ ಭಾಷೆಗೆ ಇಳಿಸಿಕೊಂಡರು.

"ಪ್ರೊಸೆಸರ್ ಅಂದ್ರ ಎಂಜಿನ್. ತಿಳೀತು. ಈ ಗ್ರಾಫಿಕ್ಸ್ ಕಾರ್ಡ್ ಅಂದ್ರ ಏನ್ರಿ?"

"ಮುಂದಿನ ಗಾಜು ಅನ್ರಿ. ರಸ್ತಾ ಎಷ್ಟ ಚಂದ ಕಾಣಬೇಕು ಅನ್ನೂದು ಅದರ ಕೈಯಾಗ."

"ಮತ್ತ ಹೊಸಾದು ತುಟ್ಟಿ ಆಕ್ಕೈತಿ. ಹಳೇದು ತಗೀರಿ, ನೋಡೂಣು."

ನಾಲ್ಕು ವರ್ಷ ಬಳಸಿದ ಮೂರು ಕಾರ್ಡು ಮುಂದಿಟ್ಟೆ. ಒಂದೊಂದರ ಫ್ಯಾನನ್ನೂ ಕಿರುಬೆರಳಿನಿಂದ ತಿರುಗಿಸಿದರು, ಮೂಗಿಗೆ ಹಿಡಿದು ಮೂಸಿದರು. ಎರಡನ್ನು ಹಿಂದಕ್ಕೆ ಸರಿಸಿ, "ಇವು ಒಮ್ಮೆ ಸುಟ್ಟಾವ್ರಿ. ಕ್ಲಚ್ ಸುಟ್ಟ ವಾಸನಿ ಮೂಗಿಗೆ ಗೊತ್ತಾಗತೈತಿ" ಎಂದರು. ಒಂದು ನಿಜವಾಗಿಯೂ ಸುಟ್ಟು ರಿಪೇರಿಯಾದದ್ದು. ಇನ್ನೊಂದರ ವಿಷಯ ನನಗೇ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಬಿಡಿಭಾಗ ಜೋಡಿಸುವ ನೇತ್ರಾ ತಲೆ ಎತ್ತದೆ ನಕ್ಕಳು.

ಹೀಗೆ ಮಧ್ಯಾಹ್ನದವರೆಗೆ ನಡೆಯಿತು. ಎಂಜಿನ್ನು ಸಣ್ಣದಾದರೂ ಹೊಸದು. ಮೆಮೊರಿ ಹದಿನಾರು ಜಿಬಿ, ಯಾಕೆಂದರೆ "ಲೋಡ್ ಹೆಚ್ಚಾದ್ರ ಟಯರ್ ಕುಂಡ್ರಬಾರ್ದು". ಮಾನಿಟರ್ ಹಳೆಯದು, ಬ್ಯಾಂಕೊಂದು ಹಳತೆಂದು ಮಾರಿದ್ದು. ಬಣ್ಣದ ಲೈಟಿನ ಗಾಜಿನ ಕ್ಯಾಬಿನೆಟ್ ತೋರಿಸಿದರೆ ಕೈಯಲ್ಲೇ ತಳ್ಳಿದರು: "ಪೇಂಟಿಂಗ್ ಆಮ್ಯಾಲಿನ ಮಾತು. ತಗಡಿಂದ ಇರಲಿ." ಕೊನೆಗೆ ಬಂದದ್ದು ಎಸ್ಎಂಪಿಎಸ್, ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಪೆಟ್ಟಿಗೆ. ಕಾಸು ಉಳಿಸಲು ಎಲ್ಲರೂ ಕೈ ಹಾಕುವುದು ಇದಕ್ಕೇ, ಕಣ್ಣಿಗೆ ಕಾಣದಲ್ಲ. ರಹಮಾನಸಾಬರು ಚೌಕಾಶಿ ನಿಲ್ಲಿಸಿಬಿಟ್ಟರು.

"ಇದರಾಗ ಉಳಸಬ್ಯಾಡ್ರಿ. ಬ್ರೇಕಿನಾಗ, ಡೀಸಲ್ ಪೈಪಿನಾಗ ಉಳಸಿದಾವ ಉದ್ಧಾರ ಆಗಿಲ್ಲ. ಚಲೋ ಕಂಪನಿದ ಹಾಕ್ರಿ. ಘಾಟ್ ಏರುವಾಗ ಕೈ ಕೊಡಬಾರ್ದು."

ಒಳ್ಳೆಯ ಕಂಪನಿಯದಕ್ಕೆ ಎರಡು ಸಾವಿರದ ಎಂಟುನೂರು. ಸ್ಟೇರಿಂಗೂ ಸೇರಿ ಒಟ್ಟು ಕೂಡಿಸಿದರೆ ನಲವತ್ತಕ್ಕೆ ನೂರಿಪ್ಪತ್ತು ಕಡಿಮೆ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಶಾಣ್ಯಾತನದ ಆಯ್ಕೆಯನ್ನು ನಾನು ಕಂಡಿಲ್ಲ.

ಅದನ್ನು ನಾನು ಕೆಡಿಸಿದೆ.

ಆ ಕಂಪನಿಯ ಪೆಟ್ಟಿಗೆ ಅಂಗಡಿಯಲ್ಲಿರಲಿಲ್ಲ. ಹುಬ್ಬಳ್ಳಿಯಿಂದ ಬರಲು ನಾಲ್ಕು ದಿನ. ರೊಕ್ಕ ಕೈಯಲ್ಲಿ ಹಿಡಿದು ನಿಂತ ಗಿರಾಕಿಯನ್ನು ನಾಲ್ಕು ದಿನ ಬಿಟ್ಟರೆ ಅವನೇ ಹುಬ್ಬಳ್ಳಿ ಬಸ್ಸು ಹತ್ತುತ್ತಾನೆ. ಊಟ ಮಾಡಿ ಬರ್ರಿ, ಅಷ್ಟರಾಗ ಜೋಡಿಸಿ ಇಟ್ಟಿರತೇವಿ ಎಂದು ಅವರನ್ನು ಕಳಿಸಿ, ಏಳುನೂರು ರೂಪಾಯಿಯ ಲೋಕಲ್ ಪೆಟ್ಟಿಗೆಯನ್ನು ನೇತ್ರಾಳ ಮೇಜಿನ ಮೇಲಿಟ್ಟೆ. ತಗಡಿನ ಕ್ಯಾಬಿನೆಟ್ಟಿನ ಜಾಗದಲ್ಲಿ ಗಾಜಿನದು ಇಟ್ಟೆ. ಮೊಮ್ಮಗನಿಗಲ್ಲವೇ, ಹುಡುಗರು ಬೆಳಕು ನೋಡಿ ಕುಣಿಯುತ್ತಾರೆ, ಒಳಗಿನದನ್ನು ಯಾರು ಬಿಚ್ಚಿ ನೋಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೇತ್ರಾ ನನ್ನ ಮುಖ ನೋಡಿದಳು. ನಾನು ಕ್ಯಾಲೆಂಡರ್ ನೋಡಿದೆ.

ತಿರುಗಿ ಬಂದವರು ಗಾಜಿನ ಕ್ಯಾಬಿನೆಟ್ ಕಂಡು ಹುಬ್ಬೇರಿಸಿದರು.

"ತಗಡಿನ ರೊಕ್ಕದಾಗ ಇದನ್ನ ಕೊಟ್ಟೇನ್ರಿ, ಮೊಮ್ಮಗಗ ನನ್ನ ಕಡೆಯಿಂದ" ಎಂದೆ. ಎತ್ತಿ ನೋಡಿ, "ಭಾರ ಐತಿ. ಮಾಲು ಚಲೋ ಇರಬೇಕು" ಎಂದರು. "ಭಾರ ಇದ್ದದ್ದ ಚಲೋ ಮಾಲ್ರಿ" ಎಂದೆ. ಆ ಲೋಕಲ್ ಪೆಟ್ಟಿಗೆಗಳಿಗೆ ಭಾರ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಿತ್ತು. ಗಿರಾಕಿ ಎತ್ತಿ ನೋಡಲಿ ಎಂದೇ ಒಳಗೊಂದು ಕಬ್ಬಿಣದ ತುಂಡು ಅಂಟಿಸಿರುತ್ತಾರೆ.

ಹದಿನೆಂಟು ದಿನದ ಮೇಲೆ ರಹಮಾನಸಾಬರು ಮತ್ತೆ ಬಂದರು, ಹೆಗಲಿಗೊಂದು ಬಟ್ಟೆ ಚೀಲ ಹಾಕಿಕೊಂಡು. ಅವತ್ತು ಅಂಗಡಿ ತುಂಬಿತ್ತು. ನನ್ನ ಎದುರು ಲಕ್ಷ್ಮೇಶ್ವರದ ಹೊನ್ನೇಶ ಕುಳಿತಿದ್ದ. ಅಲ್ಲಿ ಕಂಪ್ಯೂಟರ್ ಕಲಿಸುವ ತರಗತಿ ನಡೆಸುವವನು, ಹನ್ನೆರಡು ಕಂಪ್ಯೂಟರಿನ ಆರ್ಡರ್ ಹಿಡಿದು ಬಂದಿದ್ದ. ಅವನ ಚಾ ಇನ್ನೂ ಅರ್ಧ ಉಳಿದಿತ್ತು.

"ಸಾವಕಾರ್ರ, ಅದು ನಡುವ ಬಂದ್ ಬೀಳತೈತ್ರಿ," ಎಂದರು ರಹಮಾನಸಾಬರು, ದನಿ ತಗ್ಗಿಸಿ. "ಬಯಲ ರಸ್ತಾದಾಗ ಏನಿಲ್ಲ. ಲೋಡ್ ಹಾಕ್ಕೊಂಡು ಘಾಟ್ ಹತ್ತಿ ನಾ ಮೂರನೇ ಗೇರಿಗೆ ಇಳಸೂದ ತಡ, ಟಪ್ ಅಂತ ಕತ್ತಲಿ."

ಕಾರಣ ನನಗೆ ಅರ್ಧ ಮಾತಿಗೇ ತಿಳಿಯಿತು. ಘಟ್ಟದ ಚಿತ್ರ ಬಿಡಿಸಲು ಕಾರ್ಡು ಹೆಚ್ಚು ಕರೆಂಟ್ ಎಳೆಯುತ್ತದೆ, ಪೆಟ್ಟಿಗೆ ಕೊಡಲಾರದೆ ಸಾಯುತ್ತದೆ. ಆದರೆ ಹೊನ್ನೇಶ ಕಿವಿ ನೆಟ್ಟಗೆ ಮಾಡಿಕೊಂಡಿದ್ದ. ಅವನ ಗಮನ ಪೆಟ್ಟಿಗೆಯ ಕಡೆಗೆ ಹೋಗಬಾರದಿತ್ತು. ಆ ಗಳಿಗೆಯಲ್ಲಿ ರಹಮಾನಸಾಬರ ಬಾಯಿಂದ ಜಾರಿದ 'ನಾ' ನನ್ನ ಕೈಗೆ ಸಿಕ್ಕಿತು.

"ನೀವ ಇಳಸತೀರಿ? ಗಾಡಿ ಹೊಡೀತಿರಾವ್ರು ನೀವಽನ? ಮೊಮ್ಮಗ ಎಲ್ಲಿ ಹ್ವಾದ್ರಿ, ಕ್ಲೀನರ್ ಆಗ್ಯಾನೇನು?"

ಅಂಗಡಿ ನಕ್ಕಿತು. ಹೊನ್ನೇಶನಿಗೆ ಹುರುಪು ಬಂತು. "ಅಜ್ಜಾರ, ಲೈಸನ್ಸ್ ಐತಿಲ್ಲೋ? ಕಂಪ್ಯೂಟರಿನ್ಯಾಗೂ ಆರ್‌ಟಿಓ ಬರ್ತಾರ್ರಿ!"

ಇನ್ನೊಂದು ಸುತ್ತು ನಗು. ನಾನು ಮುಗಿಸಿದೆ: "ಮಷಿನ್ನಿಗೆ ಏನೂ ಆಗಿಲ್ರಿ. ಈ ವಯಸ್ಸಿನ್ಯಾಗ ಕುಂತು ಆಟ ಆಡೂದು ನೋಡಿ ಅದಕ್ಕ ತಲಿ ತಿರುಗೇತಿ."

ರಹಮಾನಸಾಬರ ಕಿವಿ ಕೆಂಪಾದವು. ಬಲಗೈ ಚೀಲದ ಬಾಯಿಯ ಮೇಲಿತ್ತು. ನನ್ನನ್ನು ನೋಡಿದರು, ಹೊನ್ನೇಶನನ್ನು ನೋಡಿದರು, ಅವನ ಮುಂದಿದ್ದ ಆರ್ಡರಿನ ಕಾಗದವನ್ನು ನೋಡಿದರು. ಚೀಲದ ಬಾಯಿ ಮುಚ್ಚಿ ಹಿಡಿದರು.

"ಹಂಗ ಇರಬೇಕ್ರೀ. ನಂದ ಏನರ ತಪ್ಪಿರಬೇಕು. ಬರತೇನಿ." ಮೆಟ್ಟಿಲು ಇಳಿಯುವಾಗ ಬಲಗಾಲು ಎಲ್ಲಿ ಬೀಳುತ್ತಿದೆ ಎಂದು ಬಗ್ಗಿ ನೋಡಿ ನೋಡಿ ಇಳಿದರು.

ಹೊನ್ನೇಶ ಆರ್ಡರ್ ಕೊಟ್ಟು ಹೋದ. ಅಂಗಡಿ ಖಾಲಿಯಾದ ಮೇಲೆ ನೇತ್ರಾ ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಅಣ್ಣಾರ, ಆ ಚೀಲದಾಗ ಏನಿತ್ತು ನೋಡಿದ್ರಿ?"

"ಏನಿತ್ತು?"

"ನಾವು ಹಾಕಿದ ಪೆಟಗಿ. ವೈರ್ ಹೊರಗ ಜೋತಬಿದ್ದಿದ್ದವು. ಮ್ಯಾಲಿನ ತಗಡ ಬಿಚ್ಚಿತ್ತು. ಅವರಿಗೆ ಎಲ್ಲಾ ಗೊತ್ತಿತ್ರಿ. ತಗದು ಟೇಬಲ್ ಮ್ಯಾಲೆ ಇಟ್ಟಿದ್ರ ಹೊನ್ನೇಶ ಎದ್ದು ಹೋಗತಿದ್ದ." ಸ್ಕ್ರೂಡ್ರೈವರ್ ಮತ್ತೆ ಎತ್ತಿಕೊಳ್ಳುತ್ತ ಸೇರಿಸಿದಳು: "ನೀವು ಅವರ ಮರ್ಯಾದಿ ತಗದ್ರಿ. ಅವರು ನಿಮ್ಮದನ್ನ ಚೀಲದಾಗ ಇಟಗೊಂಡ ಹ್ವಾದ್ರು."

ಹುಡುಗಿಗೆ ಸಂಬಳ ಕೊಡುವವನು ನಾನು. ಆದರೂ ಅವಳೆದುರೇ ಫೋನ್ ಎತ್ತಿದೆ.

ಹುಬ್ಬಳ್ಳಿಯಿಂದ ಒಳ್ಳೆಯ ಪೆಟ್ಟಿಗೆ ತರಿಸಿದೆ. ಅದನ್ನು ಡೋಣಿಗೆ ಒಯ್ಯಲು ಎರಡು ಭಾನುವಾರ ಧೈರ್ಯ ಬರಲಿಲ್ಲ. ಮೂರನೆಯ ಭಾನುವಾರ ಬಸ್ಸು ಹತ್ತಿದೆ. ಮನೆ ಕೇಳಿದರೆ ಕಟ್ಟೆಯ ಮೇಲೆ ಕುಳಿತವನೊಬ್ಬ, "ಯಾರು, ಲೈಸನ್ಸ್ ಅಜ್ಜನ ಮನೀನ?" ಎಂದು ದಾರಿ ತೋರಿಸಿದ. ಅವತ್ತು ನನ್ನ ಅಂಗಡಿಯಲ್ಲಿ ನಕ್ಕವರಲ್ಲಿ ಡೋಣಿಯವರೂ ಇದ್ದರು ಎಂದಾಯಿತು.

ರಹಮಾನಸಾಬರ ಹೆಂಡತಿ ಗೌಸಬಿ ಬಾಗಿಲು ತೆರೆದು, "ಸಾವಕಾರ್ರು ಇಷ್ಟ ದೂರ ಬಂದಾರ ನೋಡ್ರಿ" ಎಂದು ಒಳಗೆ ಕೂಗಿ ಚಾಪೆ ಹಾಸಿದರು. ಚಾ ಸೋಸುತ್ತ ಅವರು ಹೇಳಿದ್ದರಿಂದ ನನಗೆ ಉಳಿದದ್ದು ತಿಳಿಯಿತು. ಮೂವತ್ತೊಂದು ವರ್ಷ ಲಾರಿ. ಸಕ್ಕರೆ ಕಾಯಿಲೆಯಿಂದ ಬಲಗಾಲು ಮರಗಟ್ಟಿ, ಕಾಲು ಬ್ರೇಕಿನ ಮೇಲಿದೆಯೋ ಇಲ್ಲವೋ ತಿಳಿಯದಾದಾಗ ಯಾರೂ ಹೇಳದೆಯೇ ಮಾಲೀಕನಿಗೆ ಕೀಲಿ ಒಪ್ಪಿಸಿ ಬಂದವರು. ಆಮೇಲೆ ಮೂರು ವರ್ಷ ಗೋಡೆ ನೋಡುತ್ತ ಕುಳಿತರು. ಮೊಬೈಲಿನಲ್ಲಿ ಯಾರೋ ಸ್ಟೇರಿಂಗ್ ಹಿಡಿದು ಲಾರಿ ಆಟ ಆಡುವುದನ್ನು ತೋರಿಸಿದವರು ಗೌಸಬಿಯೇ. ತಮ್ಮ ಚೀಟಿಯ ರೊಕ್ಕ ಎತ್ತಿ ಕೊಟ್ಟವರೂ ಅವರೇ.

"ಇದರಾಗ ಯಾರೂ ಸಾಯಂಗಿಲ್ಲ, ಹೊಡೀರಿ ಅಂದೆ. ಹದಿನೈದ ದಿನ ಊಟಕ್ಕ ಕರದ್ರ, ತಡೀ, ಲೋಡ್ ಇಳಿಸಿ ಬಂದೆ ಅಂತಿದ್ರು," ಎಂದು ನಕ್ಕರು.

ನಾನು ಪೆಟ್ಟಿಗೆ ಬದಲಿಸಲು ಕುಳಿತೆ. ಕಿಟಕಿಯ ಮೇಲೆ ಹಳೆಯದು ಬಿಚ್ಚಿಕೊಂಡು ಬಿದ್ದಿತ್ತು, ಪಕ್ಕದಲ್ಲಿ ಬೆರಳುದ್ದದ ಕಬ್ಬಿಣದ ತುಂಡು. ಗೌಸಬಿ ಅದನ್ನು ಎತ್ತಿ ತೋರಿಸಿದರು.

"ಅಲ್ರೀ, ಇದರಾಗ ಈ ತುಂಡ ಯಾಕ ಇಟ್ಟಿರತಾರ?"

ನಾನು ಕ್ಯಾಬಿನೆಟ್ಟಿನೊಳಗೆ ತಲೆ ಬಗ್ಗಿಸಿದೆ. ರಹಮಾನಸಾಬರೇ ಉತ್ತರ ಕೊಟ್ಟರು: "ಗಾಳಿಗೆ ಹಾರಬಾರ್ದಂತ. ನೀ ಇನ್ನೊಂದಿಷ್ಟ ಚಾ ತಾ."

ಗೌಸಬಿ ಒಳಗೆ ಹೋದ ಮೇಲೆ ಕೇಳಿದೆ: "ಅವತ್ತ ಯಾಕ ತಗದು ತೋರಿಸಲಿಲ್ರೀ?"

"ಲೋಡ್ ಕೊಡಾವ ಮುಂದ ಕುಂತಿದ್ದನಲ್ರಿ. ಲೋಡ್ ಕೊಡಾವ್ರ ಮುಂದ ಮಾಲಕನ ಗಾಡಿ ಹಳಿಯಬಾರ್ದು. ಡ್ರೈವರ್ ಮಂದಿ ರಿವಾಜು ಅದು. ಬ್ರೇಕ್ ಇರದ ಗಾಡಿ ಇದ್ರೂ, ನಂದ ತಪ್ಪು ಅಂತ ನಿಲ್ಲಸತೇವಿ. ಆಮ್ಯಾಲೆ ಮಾಲಕ ಒಬ್ಬನ ಸಿಕ್ಕಾಗ ಹಿಡದು ಬೈತೇವಿ."

"ಹಂಗಾರ ಈಗ ಬೈರಿ."

"ನೀವು ಬಸ್ ಹಿಡದು ಬಂದೀರಿ," ಎಂದರು.

ಗುಂಡಿ ಒತ್ತಿದೆ. ಗಾಜಿನೊಳಗೆ ಬಣ್ಣದ ಬೆಳಕು ಸುತ್ತಿತು, ಪರದೆಯ ಮೇಲೆ ಲಾರಿ ಬಂದು ನಿಂತಿತು. "ಸ್ಟೇರಿಂಗ್ ಹಚ್ಚರಿ, ಘಾಟ್ ಹತ್ತಿಸಿ ನೋಡೂಣು" ಎಂದೆ. ಸ್ಟೇರಿಂಗ್ ಎಲ್ಲೂ ಕಾಣಲಿಲ್ಲ. ಅದು ತನ್ನ ಡಬ್ಬಿಯೊಳಗೆ ಸೇರಿ, ದಾರ ಸುತ್ತಿಕೊಂಡು, ಮಂಚದ ಕೆಳಗಿತ್ತು.

"ಬ್ಯಾಡ್ರಿ. ಕಿಟಕಿ ಮುಂದ ಹುಡುಗೂರು ಬಂದು ಹಾರ್ನ್ ಹೊಡೀತಾವು. ಆಕಿಗೂ ನಾಚಿಕಿ. ನೀವು ಬಂದದ್ದ ಚಲೋ ಆತು, ಅದನ್ನ ಒಯ್ಯರಿ. ಖರೇನ ಹುಡುಗೂರು ಯಾರರ ಇದ್ರ ಕೊಡ್ರಿ."

ನಾನು ಒಯ್ಯಲಿಲ್ಲ. ಮಂಚದ ಕೆಳಗೇ ಬಿಟ್ಟು ಬಂದೆ.

ಇದಾಗಿ ಏಳು ತಿಂಗಳು. ಹೊನ್ನೇಶನ ಹನ್ನೆರಡು ಕಂಪ್ಯೂಟರು ಲಕ್ಷ್ಮೇಶ್ವರಕ್ಕೆ ಹೋದವು, ಎಲ್ಲಕ್ಕೂ ಒಳ್ಳೆಯ ಪೆಟ್ಟಿಗೆಯನ್ನೇ ಹಾಕಿಸಿದೆ. ಅವನು ಇನ್ನೂ ಎಂಟು ಬೇಕೆಂದು ಬಂದ, ಅದೇ ಕುರ್ಚಿಯಲ್ಲಿ ಕುಳಿತ, "ಲೈಸನ್ಸ್ ಅಜ್ಜಾರು ಹೆಂಗದಾರ್ರಿ?" ಎಂದು ಕೇಳಿದ. ನೇತ್ರಾಳ ಕೈ ನಿಂತಿತು. "ಆರಾಮ ಅದಾರ" ಎಂದೆ. ಎಂಟು ಕಂಪ್ಯೂಟರಿನ ಆಸೆ ಅಷ್ಟೇ ಮಾತಾಡಿಸಿತು.

ರಹಮಾನಸಾಬರಿಗೆ ನಾನು ಕೊಡಬೇಕಾದದ್ದು ಒಂದೇ. ಹೊನ್ನೇಶನ ಎದುರು, ಅಂಗಡಿ ತುಂಬಿರುವಾಗ, ಗಟ್ಟಿಯಾಗಿ ಹೇಳಬೇಕು: ಅವರು ಆರಿಸಿದ್ದು ಸರಿಯಿತ್ತು, ಕಳ್ಳ ಮಾಲು ಹಾಕಿದವನು ನಾನು, ಅದನ್ನು ಮುಚ್ಚಿಕೊಳ್ಳಲು ಅವರನ್ನು ನಗೆಗೀಡು ಮಾಡಿದೆ. ಅದನ್ನು ಇನ್ನೂ ಹೇಳಿಲ್ಲ.